ಟೊಂಚಿ ತಿದ್ದಿದ ಹದಿನಾಲ್ಕು ದೋಣಿಗಳು

ಜುಲೈ ರಜೆಯ ಚಿತ್ರಕಲೆ ಶಿಬಿರಕ್ಕೆ ಹದಿನಾಲ್ಕು ಮಕ್ಕಳು ಹೆಸರು ಕೊಟ್ಟಿದ್ದಾರೆ ಎಂದು ನೆವೆಂಕಾ ಊಟದ ಮೇಜಿನಲ್ಲಿ ಹೇಳಿದಾಗ ಅವಳ ಅಪ್ಪ ಟೊಂಚಿ ಮೀನಿನ ಮುಳ್ಳು ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ಹದಿನಾಲ್ಕು ಜನ ಸೇರಿ ನನ್ನ ಶೆಡ್ಡು ಹಾಳು ಮಾಡ್ತಾರೆ ಅನ್ನು.”

“ಹಾಳಾಗೋಕೆ ಅಲ್ಲೇನಿತ್ತು ಅಪ್ಪ? ನಾನು ಬರೋವರೆಗೂ ಬೀಗ ಜಡಿದು ಕೂತಿತ್ತು.”

“ಬೀಗ ಹಾಕಿದ್ರೂ ನಂದೇ.”

“ನಿಂದೇ ಅಂತ ದಿನಕ್ಕೆ ಮೂರು ಸಲ ಹೇಳ್ತೀಯಲ್ಲ, ಮರೆಯೋದಾದ್ರೂ ಹೇಗೆ?”

ಅವಳ ಅಮ್ಮ ವಿಂಕಾ ಸೊಪ್ಪು-ಆಲೂಗಡ್ಡೆಯ ಬಟ್ಟಲನ್ನು ಇಬ್ಬರ ನಡುವೆ ತಂದು ಕುಕ್ಕಿದಳು. “ಮೀನು ಆರೋಗ್ತಿದೆ. ಶೆಡ್ಡು ಎಲ್ಲೂ ಓಡಿಹೋಗಲ್ಲ, ಆಮೇಲೆ ಹಂಚ್ಕೊಳ್ಳಿ.”

ಫ್ರೀಮ್ಯಾಂಟಲ್ ಬಂದರಿನ ಪಕ್ಕದ ಸ್ಪಿಯರ್‌ವುಡ್ಡಿನ ಆ ಮನೆಯಲ್ಲಿ ಎರಡು ವರ್ಷದಿಂದ ಊಟಕ್ಕೆ ಉಪ್ಪಿನಷ್ಟೇ ಶೆಡ್ಡಿನ ಮಾತೂ ಬೇಕಾಗುತ್ತಿತ್ತು. ವಿಂಕಾಳ ಮಂಡಿಯ ಆಪರೇಷನ್ ಆದಾಗ ನೋಡಿಕೊಳ್ಳಲೆಂದು ಬಂದ ನೆವೆಂಕಾ, ಮಗಳು ಡುನ್ಯಾಳ ಜೊತೆ ಅಲ್ಲೇ ಉಳಿದುಬಿಟ್ಟಳು. ಗಂಡ ಗ್ರೆಗ್ ಉತ್ತರದ ಕಬ್ಬಿಣದ ಗಣಿಯಲ್ಲಿ ಎರಡು ವಾರ, ಮನೆಯಲ್ಲಿ ಒಂದು ವಾರ. ಅವನಿಗೆ ಯಾವ ಮನೆಯಾದರೂ ಒಂದೇ. ಶಿಶುವಿಹಾರದ ಕೆಲಸ ಬಿಟ್ಟ ನೆವೆಂಕಾ ಅಪ್ಪನ ಶೆಡ್ಡನ್ನು ಗುಡಿಸಿ, ಬುಧವಾರ ಬುಧವಾರ ಚಿಕ್ಕ ಮಕ್ಕಳಿಗೆ ಚಿತ್ರದ ಪಾಠ, ಶಾಲೆಗೆ ರಜೆ ಬಂದಾಗ ಒಂದು ವಾರದ ಶಿಬಿರ ಎಂದು ಶುರು ಮಾಡಿದ್ದಳು. ಅವಳ ಪಾಠಕ್ಕೆ ಇದ್ದದ್ದು ಒಂದೇ ಕಟ್ಟುಪಾಡು: ಮಗುವಿನ ಚಿತ್ರಕ್ಕೆ ದೊಡ್ಡವರ ಕೈ ತಾಗಕೂಡದು. ಹಾಗೆಂದು ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಬರೆದೂ ಇದ್ದಳು.

“ಅದನ್ನಾದ್ರೂ ನಾನು ನೆಟ್ಟಗೆ ಬರೆದುಕೊಡ್ತೀನಿ ತಾಳು,” ಎಂದು ಟೊಂಚಿ ಮೊದಲ ದಿನವೇ ಕುಂಚ ಹಿಡಿದು ಬಂದಿದ್ದ. “ನೋಡಿದೋರು ನನ್ನ ಮಗಳು ಬರೆದದ್ದು ಅಂತ ನಂಬ್ತಾರಾ?”

ಅವನು ಹಾಗೆನ್ನುವುದಕ್ಕೆ ಕಾರಣವಿತ್ತು. ಫ್ರೀಮ್ಯಾಂಟಲ್ ಬಂದರಿನ ಮೀನು ದೋಣಿಗಳಿಗೆ ನಲವತ್ತು ವರ್ಷ ಹೆಸರು ಬರೆದ ಕೈ ಅದು. ಆ ಕೈ ಎಳೆದ ಗೆರೆ ಅಲೆಯ ಮೇಲೂ ಅಲುಗುತ್ತಿರಲಿಲ್ಲ ಎಂದು ಹಳೆಯ ಮೀನುಗಾರರು ಈಗಲೂ ಹೇಳುತ್ತಾರೆ. ಆಮೇಲೆ ಅಂಟಿಸುವ ಹಾಳೆಗಳು ಬಂದವು. ಕಂಪ್ಯೂಟರಿನಲ್ಲಿ ಅಕ್ಷರ ಕತ್ತರಿಸಿ ಅರ್ಧ ಗಂಟೆಯಲ್ಲಿ ಅಂಟಿಸಿ ಹೋಗುವವರ ಮುಂದೆ ಎರಡು ದಿನ ಏಣಿಯ ಮೇಲೆ ನಿಲ್ಲುವ ಮುದುಕ ಯಾರಿಗೆ ಬೇಕು? ಟೊಂಚಿ ಕುಂಚ ತೊಳೆದಿಟ್ಟು ಶೆಡ್ಡಿಗೆ ಬೀಗ ಹಾಕಿದ. ಅಂದಿನಿಂದ ಮನೆಯ ಗೋಡೆಯಲ್ಲಿ ಯಾವ ಪಟ ಓರೆಯಾಗಿದೆ ಎಂದು ನೋಡುವುದೇ ಅವನ ಉದ್ಯೋಗವಾಯಿತು.

ಶಿಬಿರದ ವಸ್ತು ಈ ಸಲ ದೋಣಿ. ಪ್ರತಿ ಮಗುವಿಗೂ ಒಂದು ಪ್ಲೈವುಡ್ ಹಲಗೆ, ಐದು ದಿನ, ಶುಕ್ರವಾರ ಮಧ್ಯಾಹ್ನ ಮೂರಕ್ಕೆ ತಂದೆತಾಯಂದಿರಿಗೆ ಪ್ರದರ್ಶನ. ಗೊಣಗುತ್ತಲೇ ಟೊಂಚಿ ಹದಿನಾಲ್ಕು ಹಲಗೆ ಕೊಯ್ದು, ಅಂಚು ಉಜ್ಜಿ, ಬಿಳಿ ಬಣ್ಣ ಹೊಡೆದುಕೊಟ್ಟ. ಅಪ್ಪ ದಾರಿಗೆ ಬಂದನೆಂದು ನೆವೆಂಕಾ ಹಿಗ್ಗಿದಳು. ಪಾಪ, ಅವಳಿಗೇನು ಗೊತ್ತು.

ಸೋಮವಾರದಿಂದ ಟೊಂಚಿ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಲ್ಲತೊಡಗಿದ. ಒಳಗೆ ಬರುತ್ತಿರಲಿಲ್ಲ, ನಿಟ್ಟುಸಿರು ಮಾತ್ರ ಕಳಿಸುತ್ತಿದ್ದ. ಒಡೆಟ್ ಎಂಬ ಐದು ವರ್ಷದ ಹುಡುಗಿ ಎರಡು ದಿನ ಮೇಜಿನ ಕೆಳಗೇ ಕೂತಿದ್ದಳು. ಯಾರೊಂದಿಗೂ ಮಾತಿಲ್ಲ. ಮಂಗಳವಾರ ಸಂಜೆ ನೆವೆಂಕಾ ತಾನೂ ಮೇಜಿನ ಕೆಳಗೆ ತೂರಿ, ಅವಳ ಪಕ್ಕ ಕೂತು, ಕಿತ್ತಳೆ ಹಣ್ಣು ಸುಲಿದು ತಿಂದಳು. ಬುಧವಾರ ಒಡೆಟ್ ತಾನಾಗಿ ಹೊರಗೆ ಬಂದು ದಪ್ಪ ಕುಂಚ ಹಿಡಿದಳು. ಹಲಗೆಯ ತುಂಬ ಕಂದು ಬಣ್ಣ, ಮಧ್ಯೆ ಮಧ್ಯೆ ಹಸಿರು.

ಬಾಗಿಲಲ್ಲಿ ನಿಂತ ಟೊಂಚಿಗೆ ತಡೆಯಲಾಗಲಿಲ್ಲ. “ಇದೇನಮ್ಮ?”

“ದೋಣಿ.”

“ದೋಣಿ ಎಲ್ಲಿದೆ? ಮುಳುಗಿಹೋಯ್ತಾ?”

“ಇಲ್ಲ. ನಾವು ಒಳಗಿದೀವಿ. ಒಳಗಿಂದ ಹೀಗೇ ಕಾಣೋದು.”

ಟೊಂಚಿ ಮಗಳ ಕಡೆ ನೋಡಿದ. ಮಗಳು ಬೇಕೆಂದೇ ಬೇರೆ ಕಡೆ ನೋಡಿದಳು.

ಅವತ್ತು ಊಟಕ್ಕೆ ಕೂತಾಗ ನೆವೆಂಕಾಳ ಮುಖ ಅರಳಿತ್ತು. “ಅಮ್ಮ, ಒಡೆಟ್ ಇವತ್ತು ಕುಂಚ ಹಿಡಿದಳು. ಯಾರೂ ಹೇಳಲಿಲ್ಲ, ತಾನೇ ಎದ್ದು ಬಂದಳು.”

“ಹಿಡಿದು ಏನು ಬರೆದಳು, ಅದನ್ನೂ ಹೇಳು,” ಎಂದ ಟೊಂಚಿ.

“ನಿಂಗೆ ಅವಳೇ ಹೇಳಿದಳಲ್ಲ.”

“ಶುಕ್ರವಾರ ಅವಳಮ್ಮ ಬಂದು ನೋಡಿದಾಗ ಏನಂತಾಳೆ? ಐದು ದಿನ ಕಳಿಸಿದ್ದಕ್ಕೆ ಕೆಸರು ಕೊಟ್ಟಿದಾರೆ ಅಂತಾಳೆ. ನನ್ನ ಶೆಡ್ಡಿನಿಂದ ಅಂಥದ್ದು ಹೊರಗೆ ಹೋಗಿಲ್ಲ ಮಗಳೇ.”

“ದಿದಾ, ನನ್ನ ದೋಣಿ ನೋಡಿದ್ಯಾ?” ಎಂದು ಡುನ್ಯಾ ನಡುವೆ ಬಾಯಿ ಹಾಕಿದಳು. ಅವಳಿಗೆ ಏಳು ವರ್ಷ. ಅಜ್ಜನನ್ನು ದಿದಾ, ಅಜ್ಜಿಯನ್ನು ನೋನಾ ಎನ್ನುತ್ತಿದ್ದಳು. “ನನ್ನ ದೋಣಿಗೆ ಕಾಲಿದೆ.”

“ನೋಡಿದೆ, ನೋಡಿದೆ,” ಎಂದು ಟೊಂಚಿ ಹಣೆ ಉಜ್ಜಿಕೊಂಡ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ನೆವೆಂಕಾ ಹಣ್ಣಿನ ಬುಟ್ಟಿ ಹಿಡಿದು ಶೆಡ್ಡಿನ ಬಾಗಿಲು ತೆರೆದಳು. ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಮಕ್ಕಳ ನೀರು ಬಣ್ಣಕ್ಕೆ ಅಂಥ ವಾಸನೆಯಿಲ್ಲ; ಅದು ದೋಣಿಗೆ ಹಚ್ಚುವ ಎನಾಮಲ್.

ಗೋಡೆಯುದ್ದಕ್ಕೂ ಹದಿನಾಲ್ಕು ಹಲಗೆ ಸಾಲಾಗಿ ನಿಂತಿದ್ದವು. ಎಲ್ಲದರಲ್ಲೂ ಸಮುದ್ರ ಒಂದೇ ಮಟ್ಟದಲ್ಲಿತ್ತು. ಡೊಂಕಾಗಿದ್ದ ದೋಣಿಗಳು ನೆಟ್ಟಗಾಗಿದ್ದವು, ಪಟಸ್ತಂಭ ಬಂದಿತ್ತು, ಹಗ್ಗ ಬಂದಿತ್ತು. ಪ್ರತಿ ದೋಣಿಯ ಮೂತಿಯ ಮೇಲೂ ಆಯಾ ಮಗುವಿನ ಹೆಸರು, ನೆರಳು ಕೊಟ್ಟು ಬರೆದ ಚಿನ್ನದ ಬಣ್ಣದ ಅಕ್ಷರದಲ್ಲಿ. ಡುನ್ಯಾಳ ದೋಣಿಯ ಕಾಲುಗಳು ಅಲೆಯ ಕೆಳಗೆ ಹೋಗಿದ್ದವು. ಒಡೆಟ್‌ಳ ಕಂದು ಹಲಗೆ ಈಗ ಬಂದರಿನ ಮರದ ಕಟ್ಟೆಯಾಗಿತ್ತು. ಅದಕ್ಕೊಂದು ಮುದ್ದಾದ ಹಸಿರು ದೋಣಿ ಕಟ್ಟಿತ್ತು.

ಟೊಂಚಿ ಸಿಳ್ಳೆ ಹಾಕುತ್ತ ಕುಂಚ ತೊಳೆಯುತ್ತಿದ್ದ. “ನಾಲ್ಕು ಗಂಟೆಗೇ ಎದ್ದೆ. ಮೂಲೆಯಲ್ಲಿರೋದು ಇನ್ನೂ ಹಸಿಯಾಗಿದೆ, ಮುಟ್ಟಬೇಡ.”

ನೆವೆಂಕಾ ಬುಟ್ಟಿ ಕೆಳಗಿಟ್ಟಳು. ಒಂದು ಹಲಗೆ ಎತ್ತಿ ಒದ್ದೆ ಬಟ್ಟೆಯಿಂದ ಉಜ್ಜಿದಳು. ಎನಾಮಲ್ ಹೋಗುತ್ತದೆಯೇ? ಅದರ ಪಕ್ಕದಲ್ಲಿ ಉಳಿದಿದ್ದ ಮಗುವಿನ ಬಣ್ಣವಷ್ಟೇ ಕಿತ್ತು ಬಂತು.

“ಯಾಕೆ ಅಪ್ಪ? ಯಾಕೆ ಮಾಡ್ದೆ ಇದನ್ನ?”

“ಏನು ಮಾಡ್ದೆ? ನಾನೇನು ಹೊಸದು ಬರೆದಿಲ್ಲ. ಅವರು ಬರೆದದ್ದನ್ನೇ ಸರಿ ಮಾಡಿದೀನಿ.”

ಒಂಬತ್ತಕ್ಕೆ ಮಕ್ಕಳು ಬಂದವು. ಕೂಗಿದವು, ಕುಣಿದವು, ತಮ್ಮ ಹೆಸರು ಹುಡುಕಿ ಮುಟ್ಟಿ ಮುಟ್ಟಿ ನೋಡಿದವು. ಡುನ್ಯಾ ಎಲ್ಲರಿಗಿಂತ ಜೋರಾಗಿ, “ನಂದು ನೋಡಿ, ನಮ್ಮ ದಿದಾ ಮಾಡಿದ್ದು,” ಎಂದು ಸಾರಿಕೊಂಡು ಬಂದಳು. ಅವಳಿಗೆ ಕಾಲುಗಳ ನೆನಪೇ ಇದ್ದಂತಿರಲಿಲ್ಲ. ಒಡೆಟ್ ಮಾತ್ರ ಸಾಲಿನ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದಳು. ಇನ್ನೂ ಓದು ಬಾರದ ಮಗು. ಹೆಸರು ಬರೆದಿದ್ದರೆ ಅವಳಿಗೇನು?

“ನಂದು ಎಲ್ಲಿ?” ಎಂದು ನೆವೆಂಕಾಳನ್ನು ಕೇಳಿದಳು.

ನೆವೆಂಕಾ ತೋರಿಸಿದಳು. ಒಡೆಟ್ ಅದನ್ನು ಸ್ವಲ್ಪ ಹೊತ್ತು ನೋಡಿ ಮೇಜಿನ ಕೆಳಗೆ ಹೋಗಿ ಕೂತಳು.

ಮೂರು ಗಂಟೆಗೆ ತಂದೆತಾಯಂದಿರು ಬಂದರು. ಒಬ್ಬೊಬ್ಬರ ಬಾಯಲ್ಲೂ ಹೊಗಳಿಕೆ. ಒಡೆಟ್‌ಳ ತಾಯಿ ಫಿಲಿಪ್ಪಾ ಮಗಳನ್ನು ಮೇಜಿನ ಕೆಳಗಿಂದ ಎಳೆದು ಎತ್ತಿಕೊಂಡಳು. “ಇದನ್ನ ನೀನೇ ಮಾಡಿದ್ದಾ ಚಿನ್ನ? ನಿಜವಾಗ್ಲೂ ನೀನೇನಾ?”

ಮಗು ನೆವೆಂಕಾಳ ಮುಖ ನೋಡಿತು. ಈಗ ನಿಜ ಹೇಳಬೇಕಾದವಳು ದೊಡ್ಡವಳು. ಆದರೆ ಅಷ್ಟು ಹೊತ್ತಿಗೆ ಒಂಬತ್ತು ಜನ ಮುಂದಿನ ರಜೆಯ ವಸಂತದ ಶಿಬಿರಕ್ಕೆ ಹೆಸರು ಕೊಟ್ಟಾಗಿತ್ತು, ಅಪ್ಪ ಇಸ್ತ್ರಿಯ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದ, ಅಮ್ಮ ಬಾದಾಮಿ ಕೇಕಿನ ತಟ್ಟೆ ಹಿಡಿದು ಕುಂಟುತ್ತ ಓಡಾಡುತ್ತಿದ್ದಳು. ನೆವೆಂಕಾ ಬಾಯಿ ತೆರೆಯಲಿಲ್ಲ.

“ಹೂಂ,” ಎಂದಿತು ಮಗು.

ಅವರೆಲ್ಲ ಹೋದ ಮೇಲೆ ಅಡುಗೆಮನೆಯಲ್ಲಿ ಜಗಳ ಶುರುವಾಯಿತು.

“ಐದು ವರ್ಷದ ಮಗು ನಿನ್ನ ಸಲುವಾಗಿ ಸುಳ್ಳು ಹೇಳ್ತು ಅಪ್ಪ.”

“ನನ್ನ ಸಲುವಾಗಿ ಯಾಕೆ? ನೀನೂ ಅಲ್ಲೇ ನಿಂತಿದ್ಯಲ್ಲ. ನೀನು ಹೇಳಬಹುದಿತ್ತು.”

ಅದು ನಿಜವಾದ್ದರಿಂದ ಅವಳಿಗೆ ಮೈಯೆಲ್ಲ ಉರಿಯಿತು. “ಮೂರನೇ ಕ್ಲಾಸಲ್ಲಿ ನಂಗೂ ಇದನ್ನೇ ಮಾಡ್ದೆ. ಬಂದರಿನ ಚಿತ್ರ ಸ್ಪರ್ಧೆಗೆ ಕಳಿಸೋ ಹಿಂದಿನ ದಿನ ಕೂತು ತಿದ್ದಿದೆ. ಮೊದಲನೇ ಬಹುಮಾನ ಬಂತು.”

“ಬಂತಲ್ಲ? ಮತ್ತೇನು ತೊಂದರೆ?”

“ಬಂದದ್ದು ನಿಂಗೆ. ಮಾರನೇ ವರ್ಷ ನಾನು ಸ್ಪರ್ಧೆಗೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅಂತ ಒಂದು ದಿನ ಕೇಳಿದ್ಯಾ?”

ಟೊಂಚಿ ಕೇಳಿರಲಿಲ್ಲ. ಅವನು ಹೆಂಡತಿಯ ಕಡೆ ತಿರುಗಿದ. “ಇವಳು ಮೂವತ್ತೈದು ವರ್ಷ ಇದನ್ನ ಹೊಟ್ಟೇಲಿಟ್ಕೊಂಡಿದ್ಲಾ?”

“ನಿನ್ನ ಮಗಳಲ್ವಾ?” ಎಂದಳು ವಿಂಕಾ, ತಟ್ಟೆ ಒರೆಸುತ್ತ. ಆಮೇಲೆ ನೆವೆಂಕಾಳಿಗೆ ಮೆಲ್ಲಗೆ ಹೇಳಿದಳು: “ಆ ಮನುಷ್ಯ ಹತ್ತು ವರ್ಷದಲ್ಲಿ ಮೊದಲ ಸಲ ಸಿಳ್ಳೆ ಹಾಕ್ಕೊಂಡು ಎದ್ದ. ಅದನ್ನಾದ್ರೂ ನೋಡು.”

“ನೋಡಿದೆ ಅಮ್ಮ. ಅದಕ್ಕೇ ಇನ್ನೂ ಜಾಸ್ತಿ ಸಿಟ್ಟು ಬರ್ತಿದೆ.”

ನೆವೆಂಕಾ ಶೆಡ್ಡಿನ ಬೀಗ ಬದಲಿಸಿದಳು. ಟೊಂಚಿ ತನ್ನದೇ ಶೆಡ್ಡಿಗೆ ಹೊರಗಿನವನಾದ. ಪ್ರತೀಕಾರವಾಗಿ ಎಲ್ಲರಿಗಿಂತ ಅರ್ಧ ಗಂಟೆ ಮೊದಲೇ ಊಟ ಮಾಡಿ ಎದ್ದು ಹೋಗತೊಡಗಿದ. ವಿಂಕಾ ಎರಡೆರಡು ಸಲ ಸಾರು ಬಿಸಿ ಮಾಡಿ, “ಈ ಮನೇಲಿ ನಂಗೂ ಒಂದು ಮಂಡಿ ಇದೆ ಅನ್ನೋದು ಯಾರಿಗಾದ್ರೂ ನೆನಪಿದ್ಯಾ?” ಎಂದು ಗೋಡೆಗೆ ಕೇಳುತ್ತಿದ್ದಳು.

ಶಾಲೆ ಮತ್ತೆ ಶುರುವಾಗಿ ಬುಧವಾರದ ಪಾಠಕ್ಕೆ ಮಕ್ಕಳು ಬಂದಾಗ ನೆವೆಂಕಾಳಿಗೆ ನಿಜವಾದ ಹೊಡೆತ ಬಿತ್ತು. ಎಲ್ಲರೂ ಕಾಲು ಗಂಟೆ ಬರೆದು ಕುಂಚ ಕೆಳಗಿಟ್ಟರು.

“ಯಾಕೆ ನಿಲ್ಲಿಸಿದ್ರಿ?”

“ನಮ್ಮದು ಮುಗೀತು,” ಎಂದ ಒಬ್ಬ. “ಮಿಕ್ಕಿದ್ದು ಆ ತಾತ ಮಾಡ್ತಾರಲ್ಲ.”

“ತಾತ ಬರಲ್ಲ. ನೀವೇ ಮಾಡಬೇಕು.”

“ಹಾಗಾದ್ರೆ ಚೆನ್ನಾಗಾಗಲ್ಲ,” ಎಂದಿತು ಇನ್ನೊಂದು. ದೂರಲ್ಲ, ಬೇಸರವಲ್ಲ, ಹೊರಗೆ ಮಳೆ ಬರುತ್ತಿದೆ ಎನ್ನುವ ಧಾಟಿಯಲ್ಲಿ ಅಷ್ಟೇ. ಒಡೆಟ್ ಬಂದವಳೇ ಮೇಜಿನ ಕೆಳಗೆ ಕೂತಳು. ಮೂರು ಬುಧವಾರ ಕಿತ್ತಳೆ ಹಣ್ಣು ಸುಲಿದರೂ ಹೊರಗೆ ಬರಲಿಲ್ಲ. ಅವಳ ತಾಯಿ ಮಾತ್ರ ಆ ಹಲಗೆಯನ್ನು ನಡುಮನೆಯಲ್ಲಿ ತೂಗುಹಾಕಿದ್ದಳಂತೆ. “ಅದಕ್ಕೆ ಜೋಡಿಯಾಗಿ ಇನ್ನೊಂದು ಮಾಡಿಸಿಕೊಡ್ತೀರಾ?” ಎಂದು ಕೇಳಿದಳು.

ಗ್ರೆಗ್ ಮನೆಗೆ ಬಂದ ವಾರ ನೆವೆಂಕಾ ಎಲ್ಲವನ್ನೂ ಅವನ ಮುಂದೆ ಸುರಿದಳು. ಅವನು ಬೂಟಿನ ಕೆಂಪು ಮಣ್ಣು ಕೆರೆಯುತ್ತ ಕೇಳಿದ.

“ಜನ ಕ್ಯೂ ನಿಂತಿದಾರೆ. ಮುದುಕರಿಗೆ ಖುಷಿ. ಮಕ್ಕಳಿಗೆ ಖುಷಿ. ನಿಂಗೇನು ಕಷ್ಟ, ಅದೊಂದು ನಂಗೆ ಅರ್ಥ ಆಗ್ತಿಲ್ಲ.”

“ಆಗಲ್ಲ. ನೀನು ಕೆರೆಯೋದು ಮುಗಿಸಿ ಗುಡಿಸು.”

ಮರುದಿನ ಅವಳು ಎಲ್ಲ ತಂದೆತಾಯಂದಿರಿಗೂ ಒಂದು ಸಂದೇಶ ಬರೆದಳು. ಶಿಬಿರದ ದೋಣಿಗಳನ್ನು ಕೊನೆಗೆ ತಿದ್ದಿದ್ದು ತನ್ನ ತಂದೆ, ಮಕ್ಕಳ ಚಿತ್ರ ಬೇರೆಯೇ ಇತ್ತು, ಅಂದೇ ಹೇಳದೆ ಇದ್ದದ್ದು ತನ್ನ ತಪ್ಪು, ಇನ್ನು ಮುಂದೆ ಹೀಗಾಗುವುದಿಲ್ಲ. ಕೆಲವರು ಉತ್ತರಿಸಲೇ ಇಲ್ಲ. ಇಬ್ಬರು, ಮೋಸ ಎಂಬ ಮಾತು ಬಳಸಿದರು. ವಸಂತದ ಶಿಬಿರದಿಂದ ಆರು ಮಕ್ಕಳ ಹೆಸರು ಹೋಯಿತು. ಫಿಲಿಪ್ಪಾ ಬರೆದದ್ದು ಒಂದೇ ಸಾಲು: “ಹಾಗಾದರೆ ತಂದೆಯವರ ಪಾಠ ಬೇರೆಯಾಗಿ ಇದೆಯೇ?”

ಸುದ್ದಿ ಟೊಂಚಿ ಭಾನುವಾರ ಆಟಕ್ಕೆ ಹೋಗುತ್ತಿದ್ದ ಕ್ಲಬ್ಬಿಗೂ ತಲುಪಿತು. ಶಿಬಿರಕ್ಕೆ ಬಂದಿದ್ದ ಒಂದು ಮಗುವಿನ ಅಜ್ಜ, ಟೊಂಚಿಯ ಹಳೆಯ ಗಿರಾಕಿ, ಬೋಚೆ ಆಟದ ಚೆಂಡು ಉರುಳಿಸುತ್ತ ಹತ್ತು ಜನರೆದುರು, “ಏನು ಟೊಂಚಿ, ದೋಣಿ ಸಿಗದೆ ಎಳೇ ಮಕ್ಕಳ ಕೈಯಿಂದ ಕೆಲಸ ಕಿತ್ಕೊಂಡ್ಯಂತೆ?” ಎಂದನಂತೆ. ಟೊಂಚಿ ಆಟ ಬಿಟ್ಟು ಮನೆಗೆ ನಡೆದು ಬಂದ.

“ಅಪ್ಪನ ಮಾನ ಹರಾಜು ಹಾಕಿದೆ,” ಎಂದಳು ವಿಂಕಾ. ಆ ದಿನ ಅವಳು ಯಾರಿಗೂ ಸಾರು ಬಿಸಿ ಮಾಡಲಿಲ್ಲ.

ಟೊಂಚಿ ಕೂಗಾಡಲಿಲ್ಲ. ನೆವೆಂಕಾ ಹಿತ್ತಲಿನ ನಲ್ಲಿಯಲ್ಲಿ ಬಣ್ಣದ ಬಟ್ಟಲು ತೊಳೆಯುತ್ತಿದ್ದಾಗ ಬಂದು ನಿಂತ. “ನನ್ನ ಕೈಕೆಳಗೆ ಕೆಲಸ ಕಲಿಯೋಕೆ ಎಷ್ಟೋ ಹುಡುಗರು ಬಂದ್ರು. ಅವರು ಬರೆದ ಅಕ್ಷರ ಓರೆಯಾದ್ರೆ, ದೋಣಿಯವನು ಬರೋ ಮೊದಲು ನಾನೇ ಬೆಳಿಗ್ಗೆ ಹೋಗಿ ಸರಿ ಮಾಡಿಡ್ತಿದ್ದೆ. ಯಾರಿಗೂ ಹೇಳ್ತಿರ್ಲಿಲ್ಲ. ಹುಡುಗನ ಮರ್ಯಾದೆ ಉಳೀಲಿ ಅಂತ. ಅದನ್ನೇ ಮಾಡ್ದೆ ಇಲ್ಲೂ.”

“ಇವರು ಕೆಲಸ ಕಲಿಯೋಕೆ ಬಂದೋರಲ್ಲ ಅಪ್ಪ.”

“ಮತ್ತೆ ಯಾಕೆ ಬರ್ತಾರೆ?”

ಅವಳಿಗೆ ಉತ್ತರ ಗೊತ್ತಿತ್ತು. ಎಷ್ಟೋ ಸಲ ತಂದೆತಾಯಂದಿರಿಗೆ ಹೇಳಿಯೂ ಇದ್ದಳು. ಈ ಮನುಷ್ಯನಿಗೆ ಅರ್ಥವಾಗುವಂತೆ ಹೇಳುವ ಮಾತು ಮಾತ್ರ ಒಂದೂ ಹೊಳೆಯಲಿಲ್ಲ. ಹೊಳೆಯದ ಸಿಟ್ಟನ್ನೆಲ್ಲ ಬಟ್ಟಲಿನ ಮೇಲೆ ತೀರಿಸಿಕೊಂಡಳು.

ಆಗಸ್ಟಿನುದ್ದಕ್ಕೂ ಟೊಂಚಿ ಮೊಮ್ಮಗಳಿಗೆ ಅಡುಗೆಮನೆಯ ಮೇಜಿನಲ್ಲಿ ಅಕ್ಷರ ಕಲಿಸಿದ. ಗೆರೆ ಹಾಕಿ, ಕುಂಚದ ತುದಿ ಹಿಡಿಯುವುದು ಹೇಗೆ, ನೆರಳು ಯಾವ ಕಡೆಗೆ ಬರಬೇಕು ಎಂದು. ನೆವೆಂಕಾ ನೋಡಿಯೂ ಸುಮ್ಮನಿದ್ದಳು. ಅಕ್ಷರವಲ್ಲವೇ, ಚಿತ್ರವಲ್ಲವಲ್ಲ, ಮನೆಯಲ್ಲಿ ಅಷ್ಟಾದರೂ ನೆಮ್ಮದಿ ಇರಲಿ ಎಂದುಕೊಂಡಳು. ಡುನ್ಯಾ ತನ್ನ ಹೆಸರನ್ನು ನೂರಾರು ಸಲ ಬರೆದಳು. ಬೇರೇನನ್ನೂ ಬರೆಯುತ್ತಿಲ್ಲ ಎಂಬುದು ಅವಳ ತಾಯಿಯ ಕಣ್ಣಿಗೆ ಬೀಳಲಿಲ್ಲ. ಊರ ಮಕ್ಕಳನ್ನೆಲ್ಲ ಕಾಯುತ್ತಿದ್ದವಳಿಗೆ ಮನೆಯೊಳಗಿನದು ಕಾಣಲಿಲ್ಲ.

ಸೆಪ್ಟೆಂಬರಿನ ಮೊದಲ ಭಾನುವಾರ ಅಲ್ಲಿ ಅಪ್ಪಂದಿರ ದಿನ. ಗ್ರೆಗ್ ಆ ಸಲ ಮನೆಯಲ್ಲಿರುತ್ತಿದ್ದ. ಶನಿವಾರ ಬೆಳಿಗ್ಗೆ ಡುನ್ಯಾ ಮಡಿಸಿದ ದಪ್ಪ ಹಾಳೆಯೊಂದನ್ನು ತಂದು ಅಜ್ಜನ ಮುಂದಿಟ್ಟಳು. ನೆವೆಂಕಾ ಒಲೆಯ ಹತ್ತಿರ ಈರುಳ್ಳಿ ಹೆಚ್ಚುತ್ತಿದ್ದಳು.

“ದಿದಾ, ಒಳಗಡೆ ನೀನು ಅಪ್ಪನ ಗಣಿ ಲಾರಿ ಬರಿ. ಹೊರಗಡೆ ನಾನು ಹೆಸರು ಹಾಕ್ತೀನಿ.”

ಟೊಂಚಿ ಮಗಳ ಬೆನ್ನು ನೋಡಿದ. ಈರುಳ್ಳಿಯ ಸದ್ದು ನಿಂತಿತ್ತು.

“ನೀನೇ ಬರಿ ಪುಟ್ಟಿ. ನಿಮ್ಮಪ್ಪಂಗೆ ಅಲ್ವಾ?”

“ನಂಗೆ ಬರಲ್ಲ.”

“ಯಾಕೆ ಬರಲ್ಲ? ಎಷ್ಟೊಂದು ಬರೀತಿದ್ದೆ.”

“ನಾನು ಬರೆದ್ರೆ ಸರಿ ಇರಲ್ಲ.”

“ಯಾರು ಹೇಳಿದ್ದು ಹಾಗಂತ?”

ಡುನ್ಯಾಳಿಗೆ ಆಶ್ಚರ್ಯವಾಯಿತು. “ನೀನೇ.”

“ನಾನಾ? ನಾನು ಯಾವತ್ತು ಹೇಳ್ದೆ?”

“ಹೇಳಲಿಲ್ಲ. ನನ್ನ ದೋಣಿ ಸರಿ ಮಾಡಿದ್ಯಲ್ಲ.”

ಟೊಂಚಿ ಎರಡೂ ಕೈ ಮೇಜಿನ ಕೆಳಗೆ ಇಳಿಸಿದ. “ನಂಗೆ ಕೈ ನೋಯ್ತಿದೆ ಪುಟ್ಟಿ. ಇವತ್ತು ನೀನೇ ಬರಿ,” ಎಂದ. ನಲವತ್ತು ವರ್ಷ ಏಣಿಯ ಮೇಲೆ ನಿಂತಾಗಲೂ ಅವನು ಕೈ ನೋವೆಂದು ಹೇಳಿದ್ದನ್ನು ನೆವೆಂಕಾ ಕೇಳಿರಲಿಲ್ಲ.

ಅಪ್ಪ ಕೈ ಹಿಂದೆ ತೆಗೆಯಬೇಕೆಂದು ಅವಳು ಎರಡು ತಿಂಗಳು ಜಗಳವಾಡಿದ್ದಳು. ಈಗ ತೆಗೆದಿದ್ದ. ಗೆದ್ದೆ ಎಂದು ಅವಳಿಗೆ ಅನಿಸಲಿಲ್ಲ. ಮಗಳ ಪಕ್ಕ ಕೂತು, “ಲಾರಿಗೆ ಎಷ್ಟು ಗಾಲಿ?” ಎಂದು ಕೇಳಿದಳು. ಕಾಲಿರುವ ಲಾರಿಯೂ ಇರಬಹುದು ಎಂದಳು. ಡುನ್ಯಾ ಸೀಸದ ಕಡ್ಡಿ ಹಿಡಿದು ಒಂದು ಗೆರೆ ಎಳೆದು, ಅಳಿಸಿ, ಇನ್ನೊಂದು ಎಳೆದು, ಅದನ್ನೂ ಅಳಿಸಿ, “ಬೇಡ ಅಮ್ಮ,” ಎಂದು ಹಾಳೆ ಎತ್ತಿಕೊಂಡು ಹೋದಳು.

ಭಾನುವಾರ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಟೊಂಚಿಯೂ ಕೂತ. ವಿಂಕಾ ಹಿಂದಿನ ದಿನದಿಂದ ದ್ರಾಕ್ಷಾರಸದಲ್ಲಿ ನೆನೆಸಿದ್ದ ಮಾಂಸ ಬೇಯಿಸಿದ್ದಳು. ಡುನ್ಯಾ ಅಪ್ಪನ ತಟ್ಟೆಯ ಪಕ್ಕ ಕಾರ್ಡು ಇಟ್ಟಳು. ಹೊರಗೆ ಅವಳ ಹೆಸರು, ನೆರಳು ಕೊಟ್ಟ ಅಕ್ಷರದಲ್ಲಿ, ಒಂದು ಕೂದಲಿನಷ್ಟೂ ಓರೆಯಿಲ್ಲದೆ.

“ಅಬ್ಬಾ, ಅಂಗಡಿಯಿಂದ ತಂದ ಹಾಗಿದೆ,” ಎಂದು ಗ್ರೆಗ್ ಕಾರ್ಡು ಬಿಡಿಸಿದ. ಒಳಗೆ ಅಳಿಸಿದ ಗುರುತು ಬಿಟ್ಟರೆ ಏನೂ ಇರಲಿಲ್ಲ. ತಿರುಗಿಸಿ ನೋಡಿದ. “ಒಳಗೆ ಬರೆಯೋದು ಮರೆತುಹೋಯ್ತಾ?”

“ಮರೀಲಿಲ್ಲ,” ಎಂದಳು ಡುನ್ಯಾ, ಬ್ರೆಡ್ಡು ಮುರಿಯುತ್ತ. “ದಿದಾಗೆ ಕೈ ನೋವು.”

ಗ್ರೆಗ್ ತಮಾಷೆಯೆಂದುಕೊಂಡು ಜೋರಾಗಿ ನಕ್ಕ. ಮೇಜಿನಲ್ಲಿ ಬೇರೆ ಯಾರೂ ನಗಲಿಲ್ಲ.